ನನ್ನ ಡಬ್ಬಿ ಮಲಗುತ್ತಿದ್ದ ಚಳಿಗಾಲ

ಮೊನ್ನೆ ಗೌರಮ್ಮನ ಮರಿಮಗಳ ನಾಮಕರಣಕ್ಕೆಂದು, ಈಗ ನಾನಿರುವ ಚಿತ್ರದುರ್ಗದಿಂದ ಪ್ಯಾಸೆಂಜರ್ ಗಾಡಿ ಹತ್ತಿ ಚಿಕ್ಕಜಾಜೂರಿನಲ್ಲಿ ಇಳಿದೆ. ಸ್ಟೇಶನ್ ಹೊರಗೆ ನೀರಿನ ಟ್ಯಾಂಕರೊಂದು ರಸ್ತೆಗೆ ನೀರು ಚಿಮುಕಿಸುತ್ತ ಹೋಗುತ್ತಿತ್ತು. ಕೆಂಪು ಧೂಳಿನ ಮೇಲೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಮಳೆಯ ವಾಸನೆಯಲ್ಲ ಅದು, ಅಷ್ಟು ರೊಮ್ಯಾಂಟಿಕ್ ಏನಲ್ಲ. ತುಕ್ಕು ಹಿಡಿದ ಬಾಣಲೆಯನ್ನು ಬಿಸಿ ಮಾಡಿ ನೀರು ಹಾಕಿದಂಥ ವಾಸನೆ. ಬ್ಯಾಗು ಹಿಡಿದು ಹಾಗೇ ನಿಂತುಬಿಟ್ಟೆ. ಆಟೋದವನು ಎರಡು ಸಲ ಕೇಳಿದ, "ಯವ್ವಾ, ಎಲ್ಲಿಗೆ ಹೋಗ್ಬೇಕು?" ಆ ವಾಸನೆ ನನ್ನನ್ನು ಒಂದು ಚಳಿಗಾಲಕ್ಕೆ ಕರೆದುಕೊಂಡು ಹೋಗಿತ್ತು. ಒಂದು ಸೋಪಿನ ಡಬ್ಬಿಯಷ್ಟು ಗಾತ್ರದ ಮಶೀನಿನ ದೆಸೆಯಿಂದ ನಾನು ಗೌರಮ್ಮನನ್ನು ಕಳೆದುಕೊಳ್ಳುವುದರಲ್ಲಿದ್ದ ಚಳಿಗಾಲ ಅದು.

ನನ್ನ ಗಂಡ ಸ್ಟೇಶನ್ ಮಾಸ್ತರರಾಗಿದ್ದರು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಪಿಯಾನೋ ಕಲಿಯುತ್ತಿದ್ದವಳನ್ನು ಮದುವೆ ಮಾಡಿಕೊಂಡು ಒಂದಾದ ಮೇಲೊಂದು ಊರು ಸುತ್ತಿಸಿ, ಕೊನೆಯ ಪೋಸ್ಟಿಂಗಿನಲ್ಲಿ ಚಿಕ್ಕಜಾಜೂರಿಗೆ ತಂದರು. ಇಂಜಿನ್ನಿನ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎಂದು ರಿಟೈರಾದ ಮೇಲೂ ರೈಲ್ವೆ ಗೇಟಿನ ಆಚೆಗೇ ಮನೆ ಕಟ್ಟಿಸಿದರು. ಆ ರಸ್ತೆಗೆ ಅದೇ ಕೊನೆಯ ಮನೆ. ನಮಗೆ ಮಕ್ಕಳಿರಲಿಲ್ಲ. ಆ ವಿಷಯದಲ್ಲಿ ಊರಿಗಿದ್ದಷ್ಟು ಚಿಂತೆ ನಮಗಿರಲಿಲ್ಲ. ಅವರು ಹೋದ ಮೇಲೆ ಊರಿನವರು "ಮಾಸ್ತರಮ್ಮ, ಇನ್ನು ತೌರು ಕಡೆ ಹೋಗ್ತೀರೇನು?" ಅಂದರು. ನಾನು ಹೋಗಲಿಲ್ಲ. ಕಾರಣ ಗೌರಮ್ಮ.

ಗೌರಮ್ಮ ಬಜಾರ್ ಬೀದಿಯ ಕಿರಾಣಿ ಅಂಗಡಿ ಮನೆತನದವರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಎಲೆ ಅಡಿಕೆ ಸಂಚಿ, ಬಾಯಲ್ಲಿ ನಿಲ್ಲದ ಮಾತು. ಎಷ್ಟೋ ವರ್ಷಗಳಿಂದ ದಿನಾ ಬೆಳಿಗ್ಗೆ ನಾವಿಬ್ಬರೂ ಗೇಟಿನ ಹತ್ತಿರ ಸೇರಿ, ಒಂದನೇ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು, ಅಲ್ಲಿನ ಕಲ್ಲು ಬೆಂಚಿನ ಮೇಲೆ ಕೂತು ವಾಪಸು ಬರುತ್ತಿದ್ದೆವು. ಅವರು ಮಾತಾಡುವುದು, ನಾನು "ಪ್ಲೀಸ್ ಗೌರಮ್ಮ, ಸ್ವಲ್ಪ ಮೆಲ್ಲಗೆ" ಅನ್ನುವುದು. ಇಷ್ಟೇ ನಮ್ಮ ಸ್ನೇಹ. ಇದಕ್ಕಿಂತ ಹೆಚ್ಚಿನದನ್ನು ನಾನು ಯಾರ ಹತ್ತಿರವೂ ಬೇಡಿರಲಿಲ್ಲ.

ಊರಿನವರೆಲ್ಲ ಮಾಸ್ಕ್ ಬಿಚ್ಚಿಟ್ಟ ಮರುವರ್ಷ, ದಸರೆಗೆ ಸ್ವಲ್ಪ ಮುಂಚೆ, ನಾವು ಹೆಂಗಸರು ವಚನ ಹೇಳಲು ಸೇರುವ ಅಕ್ಕನ ಬಳಗದ ಹಾಲಿಗೆ ನಯನಾ ಎಂಬ ಹುಡುಗಿ ಬಂದಳು. ಐಮಂಗಲದ ಕಡೆಯವಳು, ದುರ್ಗದ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಕನ್ನಡಕ ಮೂಗಿನ ತುದಿಯಲ್ಲಿ, ಬೆನ್ನಿಗೆ ಅವಳಿಗಿಂತ ದೊಡ್ಡ ಬ್ಯಾಗು. ವಚನ ಮುಗಿದ ಮೇಲೆ ಎದ್ದು ನಿಂತು, ಕೈ ಮುಗಿದು, ಒಂದೇ ಉಸಿರಿನಲ್ಲಿ ಹೇಳಿದಳು:

"ನನ್ನ ವಿಷಯ, ಎನರ್ಜಿ ಎಫಿಶಿಯೆಂಟ್ ಶೆಡ್ಯೂಲಿಂಗ್ ಆಫ್ ಮೊಬೈಲ್ ಸೆನ್ಸಾರ್ಸ್ ಇನ್ ವೈರ್‌ಲೆಸ್ ನೆಟ್‌ವರ್ಕ್ಸ್."

ಬಳಗದ ಸೆಕ್ರೆಟರಿ ಪಾರ್ವತಕ್ಕ ಮೆಲ್ಲಗೆ ಕೇಳಿದರು, "ಪ್ರಸಾದ ಹಂಚಾಣೇನ್ರಿ?"

ಹುಡುಗಿಯ ಮುಖ ನೋಡಿ ಪಾಪ ಅನ್ನಿಸಿತು. ಅಲ್ಲಿದ್ದವರಲ್ಲಿ ಇಂಗ್ಲಿಷ್ ನನ್ನ ಪಾಲಿನದು ತಾನೇ? ಎದ್ದು ನಿಂತೆ. ಅವಳು ಹೇಳುತ್ತಾ ಹೋದಳು, ನಾನು ಬಿಡಿಸುತ್ತಾ ಹೋದೆ. ನಮ್ಮೂರಲ್ಲಿ ಅದಿರಿನ ಲಾರಿಗಳ ಧೂಳು ಎಲ್ಲೆಲ್ಲಿ, ಯಾವ ಹೊತ್ತಿನಲ್ಲಿ ಎಷ್ಟಿದೆ ಎಂದು ಅವಳು ಬ್ಯಾಗಿನಿಂದ ತೆಗೆದ ಈ ಡಬ್ಬಿಗಳು ಅಳೆಯುತ್ತವೆ. ಕಂಬಕ್ಕೆ ಕಟ್ಟಿದರೆ ಆ ಕಂಬದ ಧೂಳು ಮಾತ್ರ ಗೊತ್ತಾಗುತ್ತದೆ. ಓಡಾಡುವವರ ಮೈಮೇಲಿದ್ದರೆ ಇಡೀ ಊರಿನದು ಗೊತ್ತಾಗುತ್ತದೆ.

"ನಾವು ಊರೆಲ್ಲ ತಿರುಗ್ತೀವಿ ಅಂತ ಯಾರವ್ವ ನಿಂಗ್ ಹೇಳಿದ್ದು?" ಎಂದರು ಗೌರಮ್ಮ. "ಹಂಗ್ ಅಂತಿದ್ದ ನಮ್ಮತ್ತೆ ಸತ್ತು ಎಷ್ಟೋ ವರ್ಷ ಆತು. ಅಲ್ಲಿಂದ್ಲೂ ಸುದ್ದಿ ಕಳಿಸ್ತಾಳೇನು?"

ಡಬ್ಬಿಯೊಳಗಿನ ಬ್ಯಾಟರಿ ಸಣ್ಣದು, ಮುಚ್ಚಳ ಸೀಲು. ಚಾರ್ಜ್ ಮಾಡುವಂತಿಲ್ಲ, ಬದಲಿಸುವಂತಿಲ್ಲ. ಬದಲಿಸಿದರೆ ಅವಳ ಥೀಸಿಸ್ಸೇ ಬಿದ್ದುಹೋಗುತ್ತದೆ. ಸಂಕ್ರಾಂತಿಯವರೆಗೆ ಇದ್ದುದರಲ್ಲೇ ಬಾಳಬೇಕು. ಅದಕ್ಕೇ ಎಲ್ಲ ಡಬ್ಬಿಗಳೂ ಸದಾ ಎಚ್ಚರವಿರುವುದಿಲ್ಲ. ಎರಡು ಡಬ್ಬಿ ಹತ್ತಿರ ಬಂದರೆ ಎರಡೂ ಅದೇ ಧೂಳನ್ನು ಅಳೆಯುವುದು ದಂಡ. ಅವೆರಡೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದು ಎಚ್ಚರವಿದ್ದು ಇನ್ನೊಂದು ಮಲಗುತ್ತದೆ. ಎಚ್ಚರವಿದ್ದರೆ ಹಸಿರು ದೀಪ ಮಿಣುಕುತ್ತದೆ, ಮಲಗಿದ್ದರೆ ಕೆಂಪು.

"ಅಂದ್ರೆ ಪಾಳಿ," ಅಂದೆ ನಾನು.

"ಪಾಳಿ ಅಂತ ಮೊದ್ಲೇ ಅಂದಿದ್ರೆ ಸಾಕಿತ್ತಲ್ರೀ!" ಎಂದು ಹಾಲಿಗೆ ಹಾಲೇ ಉಸಿರುಬಿಟ್ಟಿತು. ಯಾವುದು ಮಲಗಬೇಕು, ಯಾವುದು ಎಚ್ಚರವಿರಬೇಕು ಎಂದು ಅವು ಹೇಗೆ ತೀರ್ಮಾನಿಸುತ್ತವೆ ಎಂಬುದನ್ನು ಮುಂದಿನ ಸ್ಲೈಡಿನಲ್ಲಿ ತೋರಿಸುತ್ತೇನೆ ಎಂದಳು ನಯನಾ. ಅಷ್ಟರಲ್ಲಿ ಕರೆಂಟು ಹೋಯಿತು. ಆ ಸ್ಲೈಡನ್ನು ನಾವು ಯಾರೂ ನೋಡಲಿಲ್ಲ. ಮುಂದೆ ಆದದ್ದಕ್ಕೆಲ್ಲ ಕರೆಂಟಿನವರೇ ಹೊಣೆ ಎಂಬುದು ಈಗಲೂ ನನ್ನ ಅಭಿಪ್ರಾಯ.

ಡಬ್ಬಿಗಳನ್ನು ಹಂಚಿದಳು. ಕೊರಳಿಗೆ ಹಾಕಿಕೊಳ್ಳಲು ದಾರವಿತ್ತು. ಗೌರಮ್ಮ ಬೇಡವೆಂದು ಕೈ ಅಲ್ಲಾಡಿಸಿಬಿಟ್ಟರು. "ಕೊಳ್ಳಾಗ ಒಂದು ಐತೆ. ಅದ್ರ ಜತೀಗೆ ಇನ್ನೊಂದು ಕಟ್ಟಾಕಿಲ್ಲ ತಾಯಿ. ಸಂಚಿಗೆ ಕಟ್ಟು." ಸಂಚಿಗೇ ಕಟ್ಟಿದಳು.

ಮೊದಲ ಗಲಾಟೆ ಆಯುಧಪೂಜೆಯ ದಿನ ಆಯಿತು. ಮನೆಯಲ್ಲಿ ಕುಡುಗೋಲಿಗೆ, ಮಿಕ್ಸಿಗೆ, ಮೋಟರಿಗೆ ಪೂಜೆಯಾದ ಮೇಲೆ ಡಬ್ಬಿಯನ್ನು ಬಿಡಲಾಗುತ್ತದೆಯೇ? ಊರಿನ ಧೂಳು ಅಳೆಯುವ ಮಶೀನು! ಒಬ್ಬರು ಮೂರು ಬೆರಳಿನ ವಿಭೂತಿ ಎಳೆದರು, ಇನ್ನೊಬ್ಬರು ಅರಿಶಿನ ಕುಂಕುಮ ಏರಿಸಿದರು. ಗಾಳಿ ಹೋಗಲೆಂದು ಉಪ್ಪಿನ ಡಬ್ಬಿಯಂತೆ ತೂತು ಮಾಡಿದ್ದ ಕಡೆಯೇ ಮುಖ ಎಂದು ಎಲ್ಲರೂ ಸರಿಯಾಗಿ ಗುರುತಿಸಿದ್ದರು. ಮುಖಕ್ಕಲ್ಲದೆ ಬೆನ್ನಿಗೆ ಯಾರು ಕುಂಕುಮ ಇಡುತ್ತಾರೆ?

ಮಧ್ಯಾಹ್ನದ ಹೊತ್ತಿಗೆ ನಯನಾ ಯಾರದೋ ಬೈಕಿನ ಹಿಂದೆ ಕೂತು, ಮುಖಕ್ಕೆ ಎರಡೆರಡು ಮಾಸ್ಕ್ ಬಿಗಿದುಕೊಂಡು ಬಜಾರ್ ಬೀದಿಗೆ ಬಂದಿಳಿದಳು. "ಎಲ್ಲಾ ಹುಷಾರಾಗಿದ್ದೀರಾ? ಲಾರಿ ಏನಾದ್ರೂ ಮಗುಚ್ತಾ? ಇಡೀ ಊರಲ್ಲಿ ಒಂದೇ ಸಲ ಧೂಳು ಮೀಟರ್ ದಾಟಿ ಹೋಗಿದೆ!"

ಗೌರಮ್ಮ ಒಳಗಿಂದ ಹೋಳಿಗೆಯ ತಟ್ಟೆ ತಂದರು. "ಧೂಳೂ ಇಲ್ಲ, ಮಣ್ಣೂ ಇಲ್ಲ. ಮಾಸ್ಕ್ ತೆಗಿ, ಉಣ್ಣು. ಹಬ್ಬದ ದಿನ ಹಿಂಗೆ ಕಳ್ಳಂಗೆ ಬರ್ತಾರೇನು?"

ಅವಳು ಡಬ್ಬಿಯನ್ನು ನೋಡಿದಳು. ವಿಭೂತಿ ಬಳಿದುಕೊಂಡ ಡಬ್ಬಿ ಅವಳನ್ನು ನೋಡಿತು. ಹಲ್ಲುಜ್ಜುವ ಬ್ರಶ್ಶಿನಿಂದ ಸಂಜೆಯವರೆಗೂ ಒಂದೊಂದನ್ನೇ ಉಜ್ಜುತ್ತಾ ಕೂತಳು. ಅವಳ ಚಾರ್ಟಿನಲ್ಲಿ ಆ ದಿನ ಒಂದು ಗೋಪುರ ಎದ್ದಿದೆಯಂತೆ. ಅದರ ಕೆಳಗೆ "ಸಾಂಸ್ಕೃತಿಕ ಕಾರಣ" ಎಂದು ಬರೆದಳಂತೆ.

ಇದು ನಗುವ ಸಂಗತಿ. ನನ್ನ ಸಂಕಟ ಬೇರೆಯೇ ಇತ್ತು. ಬೆಳಗಿನ ವಾಕಿನಲ್ಲಿ ಗೇಟಿನ ಹತ್ತಿರ ಗೌರಮ್ಮ ಬಂದು ನಿಂತ ತಕ್ಷಣ ನನ್ನ ಡಬ್ಬಿ ಕೆಂಪಗಾಗುತ್ತಿತ್ತು. ಅವರದು ಹಸಿರು. ಇಂದಲ್ಲ ನಾಳೆ ತಿರುಗಬಹುದು ಎಂದುಕೊಂಡೆ. ನಾಳೆಯೂ ಕೆಂಪು. ನಾಡಿದ್ದೂ ಕೆಂಪು. ನಾನು ಸ್ಟೇಶನ್ ಮಾಸ್ತರನ ಹೆಂಡತಿ. ಕೆಂಪು ದೀಪವೆಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಪಾಳಿ ಅಂದ್ರೆ ಸರದಿ ಬರಬೇಕಲ್ಲ ಗೌರಮ್ಮ? ಇದು ಅನ್‌ಫೇರ್," ಅಂದೆ.

"ಅದುಕ್ಕೂ ಗೊತ್ತಾಗೈತೆ ಬಿಡ್ರಿ, ಯಾರು ಕೆಲ್ಸದೋರು ಅಂತ," ಎಂದು ಸಂಚಿಯಿಂದ ಎಲೆ ತೆಗೆದು ಸುಣ್ಣ ಹಚ್ಚಿದರು.

ಹಸಿರಿನ ಹುಚ್ಚು ನನಗೊಬ್ಬಳಿಗೇ ಹಿಡಿದಿತ್ತು ಅಂದುಕೊಳ್ಳಬೇಡಿ. ಬಳಗದ ಹಾಲಿನಲ್ಲಿ ಎಲ್ಲರೂ ಸೇರಿದರೆ ಒಂದೇ ಒಂದು ಡಬ್ಬಿ ಹಸಿರು, ಉಳಿದವೆಲ್ಲ ಕೆಂಪು. ವಚನ ಶುರುವಾದರೆ ಎಲ್ಲರ ಕಣ್ಣೂ ಮಡಿಲಿನ ಮೇಲೆ. ಅಕ್ಕಪಕ್ಕ ಕೂರುತ್ತಿದ್ದವರು ಮೂಲೆ ಮೂಲೆ ಸೇರಿದರು. ಹಾಲು ಚಿಕ್ಕದು, ಮೂಲೆಗೆ ಹೋದರೂ ಕೆಂಪೇ. ಆಮೇಲೆ ಒಬ್ಬೊಬ್ಬರೇ "ಒಲೆ ಮ್ಯಾಲೆ ಹಾಲಿಟ್ಟು ಬಂದೀನಿ" ಎಂದು ಏಳತೊಡಗಿದರು. ಬೀದಿಗೆ ಹೋಗಿ ಹಸಿರಾದದ್ದು ನೋಡಿ ಕಿಟಕಿಯಿಂದಲೇ ತೋರಿಸುವರು. ಎಮ್ಮೆ ಸಾಕಿದ್ದ ಹಾಲಮ್ಮ ಒಂದು ದಿನ ಡಬ್ಬಿಯನ್ನು ಎಮ್ಮೆಯ ಕೊರಳಿಗೇ ಕಟ್ಟಿ ಬಯಲಿಗೆ ಬಿಟ್ಟಳು. ಸಂಜೆಯವರೆಗೂ ಹಸಿರು. ಪಾರ್ವತಕ್ಕ ಇನ್ನೂ ಮುಂದೆ ಹೋಗಿ, ತಮ್ಮ ಡಬ್ಬಿಯನ್ನು ಹೊಳಲ್ಕೆರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದರು. ಅದು ಹೊಳಲ್ಕೆರೆ ನೋಡಿಕೊಂಡು ಹಸಿರಾಗಿಯೇ ವಾಪಸು ಬಂತು. ಆ ಊರಿನ ಧೂಳು ನಮ್ಮೂರಿನ ಲೆಕ್ಕಕ್ಕೆ ಸೇರಿ ನಯನಾ ತಲೆ ಹಿಡಿದುಕೊಂಡಳು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ, ಬಳಗದಲ್ಲಿ ಎಲ್ಲರ ಮುಂದೆ ಗೌರಮ್ಮ ನನ್ನ ಡಬ್ಬಿಯ ಕಡೆ ಕೈ ತೋರಿಸಿದರು.

"ಇದು ಕಾನ್ವೆಂಟ್ ಡಬ್ಬಿ ಕಣ್ರವ್ವ! ಹೊತ್ತು ಮೂಡಿದ್ ಮ್ಯಾಲೂ ಮಲಗಿರ್ತೈತೆ. ಬೆಡ್ ಕಾಫಿ ಕೊಟ್ರೆ ಏಳ್ತೈತೋ ಏನೋ!"

ಎಲ್ಲರೂ ನಕ್ಕರು. ಮಾತೇ ಆಡದ ಹಾಲಮ್ಮ ಕೂಡ ನಕ್ಕಳು. ನನಗೆ ಕೋಪ ಬಂದರೆ ಕನ್ನಡ ಹೊರಟುಹೋಗುತ್ತದೆ, ಸಿಸ್ಟರುಗಳು ಮಾಡಿಟ್ಟ ಅಭ್ಯಾಸ.

"ಫ್ರಮ್ ಟುಮಾರೋ, ಗೌರಮ್ಮ, ಯು ವಿಲ್ ವಾಕ್ ಅಲೋನ್," ಎಂದು ಎದ್ದು ಬಂದೆ.

ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕೇಳಿಸಿತು. "ಬೈದ್ರೇನ್ರಿ ಇವ್ರು?" ಎಂದರು ಗೌರಮ್ಮ. "ಬೈದಂಗೇ ಇತ್ತು," ಎಂದರು ಪಾರ್ವತಕ್ಕ.

ಮರುದಿನದಿಂದ ನಾನು ಪ್ಲಾಟ್‌ಫಾರ್ಮ್ ಬಿಟ್ಟು ಬಿ.ದುರ್ಗದ ರಸ್ತೆಯ ಕಡೆ ನಡೆಯತೊಡಗಿದೆ. ಡಬ್ಬಿ ಹಸಿರಾಗಿ ಮಿಣುಕುತ್ತಿತ್ತು. ಲವ್ಲಿ ಅನ್ನಿಸಿತು, ಎರಡು ದಿನ. ಮೂರನೆಯ ದಿನ ಅದಕ್ಕೆ "ಗುಡ್ ಮಾರ್ನಿಂಗ್" ಹೇಳುತ್ತಿದ್ದೇನೆ ಎಂಬುದು ಗಮನಕ್ಕೆ ಬಂತು. ಮಾಗಿಯ ಮಂಜು ಇಳಿದಿತ್ತು. ಬೇಲಿ, ಹೊಲ, ಹಳಿ ಯಾವುದೂ ಕಾಣದು. ಮಂಜಿನೊಳಗಿಂದ ಸೊಗಡವರೆಯ ವಾಸನೆ ಬರುತ್ತಿತ್ತು. ಇಂಥ ಬೆಳಿಗ್ಗೆಗಳಲ್ಲಿ ಗೌರಮ್ಮ ತಮ್ಮ ಸೊಸೆ ಅವರೆಕಾಳು ಹಿಸುಕುವ ರೀತಿಯ ಮೇಲೆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೂ ಮಾತಾಡಬಲ್ಲವರು. "ಪ್ಲೀಸ್, ಸ್ವಲ್ಪ ಮೆಲ್ಲಗೆ" ಅನ್ನಲು ಬಾಯಿ ತುರಿಸುತ್ತಿತ್ತು. ಯಾರಿಗೆ ಅನ್ನುವುದು?

ಅವರು ಈಗ ಹಾಲಮ್ಮನ ಜೊತೆ ವಾಕ್ ಹೋಗುತ್ತಿದ್ದರು. ಗೇಟು ಬಿದ್ದಾಗ ಒಂದು ದಿನ ಹಳಿಯ ಆಚೆ ಅವರು, ಈಚೆ ನಾನು. ಮಧ್ಯೆ ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು. ವ್ಯಾಗನ್ನುಗಳ ಸಂದಿನಲ್ಲಿ ಗೌರಮ್ಮನ ಬಾಯಿ ಆಡುತ್ತಿರುವುದು ಮಾತ್ರ ಕಾಣಿಸುತ್ತಿತ್ತು. ಹಾಲಮ್ಮ "ಹೂಂ" ಅಂತಲೂ ಅನ್ನುತ್ತಿರಲಿಲ್ಲ. ಅಂಥವಳಿಗೆ ಅಷ್ಟು ಮಾತು! ವೇಸ್ಟ್, ಕಂಪ್ಲೀಟ್ ವೇಸ್ಟ್ ಎಂದುಕೊಂಡೆ. ಗೇಟು ತೆಗೆದಾಗ ಗೌರಮ್ಮ ನನ್ನನ್ನು ದಾಟಿ, ಹಾಲಮ್ಮನಿಗೆ ಹೇಳುವಂತೆ ಹೇಳಿದರು, "ಹಸ್ರಾಗೈತೆ, ಹಸ್ರಾಗೈತೆ. ಇನ್ನೇನ್ ಫಲ ಬಿಡೋದೊಂದು ಬಾಕಿ."

ಸಂಕ್ರಾಂತಿಗೆ ಇನ್ನೂ ದಿನಗಳಿದ್ದಾಗ ನನ್ನ ಡಬ್ಬಿ ಸತ್ತುಹೋಯಿತು. ಹಸಿರಿಲ್ಲ, ಕೆಂಪಿಲ್ಲ. ಅಲ್ಲಾಡಿಸಿದೆ, ಬಿಸಿಲಿಗಿಟ್ಟೆ. ಕೊನೆಗೆ ಫೋನು ಮಾಡಿದೆ.

ನಯನಾ ಬಂದು ವರಾಂಡದಲ್ಲಿ ಲ್ಯಾಪ್‌ಟಾಪ್ ಬಿಚ್ಚಿದಳು. ಊರಿನ ನಕ್ಷೆ. ಬಜಾರಿನ ಕಡೆ ತುಂಬಾ ಚುಕ್ಕೆ, ಗೇಟಿನ ಈಚೆ ಒಂದೇ ಒಂದು, ಅದೂ ಈಗ ಬೂದು ಬಣ್ಣ.

"ಡಿಫೆಕ್ಟಿವ್ ಪೀಸ್ ಕೊಟ್ಟಿದ್ದೀಯಮ್ಮ," ಅಂದೆ. "ಮೊದಲಿನಿಂದಲೂ ಸೋಮಾರಿ."

ಅವಳು ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದಳು. "ಸೋಮಾರಿನಾ? ಆಂಟಿ, ಎಲ್ಲಕ್ಕಿಂತ ಹೆಚ್ಚು ದುಡಿದಿರೋದು ಇದೇ. ಈ ಕಡೆ ನಿಮ್ಮ ಡಬ್ಬಿ ಬಿಟ್ಟು ಇನ್ನೊಂದಿಲ್ಲ. ಇದಕ್ಕೆ ಪಾಳಿ ಬದಲಿಸೋರು ಯಾರಿದ್ರು? ಹಗಲೆಲ್ಲ ಒಂದೇ ಎಚ್ಚರ ಇರಬೇಕು. ಗೌರಮ್ಮನವರದು ಬಜಾರಲ್ಲಿ ಹತ್ತರ ಮಧ್ಯೆ ಹನ್ನೊಂದು, ಆರಾಮಾಗಿ ಮಲಗಿರುತ್ತೆ. ಬೆಳಿಗ್ಗೆ ನೀವಿಬ್ಬರೂ ಸೇರಿದಾಗ ಯಾರ ಬ್ಯಾಟರಿ ಹೆಚ್ಚಿದೆಯೋ ಅವರು ಡ್ಯೂಟಿ ತಗೋತಾರೆ, ಸುಸ್ತಾದೋರು ಮಲಗ್ತಾರೆ. ಅದೇ ರೂಲು. ಅವತ್ತು ಸ್ಲೈಡಲ್ಲಿ..."

"ಕರೆಂಟು ಹೋಯಿತು," ಅಂದೆ.

"ಹಾಂ. ನೋಡಿ, ದೀಪಾವಳಿ ತನಕ ದಿನಾ ಬೆಳಿಗ್ಗೆ ಇಲ್ಲಿ ಒಂದು ಸಣ್ಣ ಗ್ಯಾಪ್ ಇದೆ. ಗೌರಮ್ಮನವರ ಜೊತೆ ಇರೋ ಹೊತ್ತು. ಇಡೀ ದಿನದಲ್ಲಿ ಇದಕ್ಕೆ ಸಿಗ್ತಾ ಇದ್ದ ರೆಸ್ಟ್ ಅದೊಂದೇ. ಆಮೇಲೆ ಅದೂ ಇಲ್ಲ." ಅವಳು ಬೆರಳಿಟ್ಟು ತೋರಿಸಿದಳು. ಬ್ಯಾಟರಿಯ ಗೆರೆ ಅಲ್ಲಿಂದ ಜಾರಿ ನೆಲ ಕಂಡಿತ್ತು.

ನಾನು ಕಾಫಿ ತರುತ್ತೇನೆಂದು ಒಳಗೆ ಹೋದೆ. ಕಾಫಿ ಉಕ್ಕಿತು.

ನಯನಾಳ ಚಿಂತೆ ಇನ್ನೊಂದು. ಲಾರಿಗಳು ಓಡಾಡುವುದೇ ಈ ಕಡೆ, ಈ ಕಡೆಯೇ ನಕ್ಷೆಯಲ್ಲಿ ತೂತು. ಯಾವುದಾದರೂ ಡಬ್ಬಿ ಬಜಾರು ಬಿಟ್ಟು ಇಲ್ಲಿ ಬಂದು ತೂತು ಮುಚ್ಚಬೇಕು, ನಡೆದಾಡುವ ಸೆನ್ಸಾರುಗಳ ಗುಣವೇ ಅದು ಎಂದಳು. ಆದರೆ ಗೇಟು ದಾಟಿ, ಧೂಳು ತಿಂದು, ದಿನಾ ಮಧ್ಯಾಹ್ನ ಇಷ್ಟು ದೂರ ಯಾರು ಬರುತ್ತಾರೆ? ಬಳಗದಲ್ಲಿ ಕೇಳಿ ನೋಡುತ್ತೇನೆಂದು ಹೋದಳು.

ಮರುದಿನ ಊಟವಾಗಿ ಪೇಪರು ಹಿಡಿದಿದ್ದೆ. ಅಂಗಳದ ಗೇಟಿನ ಸದ್ದಾಯಿತು. ಸಂಚಿ ಮುಂದೆ, ಗೌರಮ್ಮ ಹಿಂದೆ.

"ಬನ್ನಿ," ಅಂದೆ.

"ನಾನೇನ್ ನಿಮ್ಮನೀಗ್ ಬಂದಿಲ್ಲ. ಡ್ಯೂಟಿಗ್ ಬಂದೀನಿ. ಎಲ್ಲಿ ಕುಂದ್ರಬೇಕು?"

ವರಾಂಡದ ಕುರ್ಚಿ ತೋರಿಸಿದೆ. ಅದನ್ನು ತಿರುಗಿಸಿ ರಸ್ತೆಗೆ ಮುಖ, ನನಗೆ ಬೆನ್ನು ಮಾಡಿ ಕೂತರು. ಸಂಚಿಯ ಮೇಲೆ ಹಸಿರು ಮಿಣುಕುತ್ತಿತ್ತು. ಲಾರಿಗಳು ಹೋದವು, ಬಂದವು. ಗೌರಮ್ಮ ಮಾತಿಲ್ಲದೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು, ಅವರ ಮನೆಯವರೂ ನೋಡಿರಲಾರರು. ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು, ಒಳಗೆ ಎಷ್ಟು ಒತ್ತಡವಿದೆ ಎಂದು. ಟೀ ತಂದು ಪಕ್ಕಕ್ಕಿಟ್ಟೆ.

"ಡ್ಯೂಟಿ ಮ್ಯಾಲಿದ್ದಾಗ ಟೀ ಕುಡೀಬೌದೇನು?" ಎಂದು ರಸ್ತೆಯನ್ನು ಕೇಳಿದರು.

"ರೈಲ್ವೆಯಲ್ಲಿ ಕುಡಿಯುತ್ತಾರೆ," ಅಂದೆ.

"ಹಂಗಾರೆ ತಪ್ಪಿಲ್ಲ."

ಎರಡನೆಯ ದಿನ ಕುರ್ಚಿ ಅರ್ಧ ತಿರುಗಿತು. ಆಮೇಲೊಂದು ದಿನ ಮೊರದ ತುಂಬಾ ಸೊಗಡವರೆ ತಂದು ನನ್ನ ಮುಂದೆ ಸುರಿದರು. "ಸುಮ್ಕೆ ಕುಂದ್ರೋ ಬದ್ಲು ಸುಲೀರಿ." ಸುಲಿದೆ. ನಾನು ಸುಲಿಯುವುದನ್ನು ಸ್ವಲ್ಪ ಹೊತ್ತು ನೋಡಿದರು. "ಕಾನ್ವೆಂಟಾಗೆ ಇದೊಂದ್ ಕಲ್ಸಲಿಲ್ಲ ನೋಡ್ರಿ," ಎಂದು ಶುರುವಾದವರು ಲಾರಿಗಳು ನಿಲ್ಲುವ ಹೊತ್ತಾದರೂ ನಿಲ್ಲಲಿಲ್ಲ. ಅವತ್ತು ನಾನು ಒಂದು ಸಲವೂ "ಪ್ಲೀಸ್" ಅನ್ನಲಿಲ್ಲ. ಏಳುವ ಮುಂಚೆ ಸಿಪ್ಪೆ ಗುಡಿಸುತ್ತಾ ಹೇಳಿದರು:

"ನಯನ ಅಂದ್ಲು. ನಿಮ್ ಡಬ್ಬಿ ಈ ಕಡೀಗೆಲ್ಲ ಒಂದೇ ದುಡೀತಿತ್ತಂತೆ. ನಾನು ಮಲಗ್ತೈತೆ ಅಂತಿದ್ದೆ."

"ಮಲಗುತ್ತಿತ್ತಲ್ಲ," ಅಂದೆ. "ನಿಮ್ಮ ಜೊತೆ ಇದ್ದಾಗ."

ಅವರ ಕೈಯ ಪೊರಕೆ ನಿಂತಿತು. ಆಮೇಲೆ, "ನನ್ ಮಾತಿಗೆ ಎಂಥೋರಿಗೂ ನಿದ್ದೆ ಹತ್ತತೈತೆ ಬಿಡ್ರಿ. ನಮ್ಮನೆಯೋರು ಹಂಗೇ ಕಣ್ಮುಚ್ಚಿದ್ದು," ಎಂದರು. ಇಬ್ಬರೂ ನಕ್ಕೆವು, ಕಣ್ಣು ಒರೆಸಿಕೊಳ್ಳುವಷ್ಟು.

ಸಂಕ್ರಾಂತಿ ಬಂತು, ಎಳ್ಳು ಬೆಲ್ಲ ಹಂಚಿದ್ದಾಯಿತು, ಹಬ್ಬ ಕಳೆಯಿತು. ಗೌರಮ್ಮ ಮಾತ್ರ ಬರುತ್ತಲೇ ಇದ್ದರು. ಸಂಚಿಯನ್ನು ಈಗ ಸೆರಗಿನ ಒಳಗೆ ಸೇರಿಸಿಕೊಂಡಿರುತ್ತಿದ್ದರು. ಚಳಿ, ಡಬ್ಬಿಗೂ ಶೀತ ಆಗಬಾರದಲ್ಲ ಎನ್ನುತ್ತಿದ್ದರು. ಒಂದು ದಿನ ಎಲೆಗೆಂದು ಸಂಚಿ ಹೊರತೆಗೆದಾಗ ನೋಡಿದೆ. ಮಿಣುಕು ಇರಲಿಲ್ಲ. ಅವರು ನನ್ನ ಕಡೆ ನೋಡಿದರು. ನಾನು ರಸ್ತೆಯ ಕಡೆ ನೋಡಿದೆ.

ಅದಾದ ಮೇಲೆ ಒಂದು ಮಧ್ಯಾಹ್ನ ನಯನಾಳ ಫೋನು ಬಂತು. ಖುಷಿಯಲ್ಲಿದ್ದಳು. ಲಾರಿ ರಸ್ತೆಯ ಲೆಕ್ಕ ಪೂರ್ತಿ ಸಿಕ್ಕಿದೆ, ಅವಳ ಗೈಡು ಒಪ್ಪಿದ್ದಾರೆ, ಬಳಗದವರು ಆ ಚಾರ್ಟನ್ನು ಹಿಡಿದು ರಸ್ತೆಗೆ ನೀರು ಹಾಕಿಸಿ ಎಂದು ಪಂಚಾಯ್ತಿಯಲ್ಲಿ ಕೂತಿದ್ದಾರೆ.

"ಆಂಟಿ, ಇನ್ನೊಂದು. ಗೌರಮ್ಮನವರ ಡಬ್ಬಿ ಹಬ್ಬದ ಮಾರನೇ ದಿನವೇ ಡೆಡ್ ಆಗಿದೆ. ಅವರಿಗೆ ಪಾಪ ಗೊತ್ತಿಲ್ಲ ಅನ್ನಿಸುತ್ತೆ. ಇನ್ನು ಆ ಧೂಳಲ್ಲಿ ಅಷ್ಟು ದೂರ ನಡೆದು ಬರೋದೇನೂ ಬೇಡ ಅಂತ ನೀವೇ ಹೇಳಿಬಿಡ್ತೀರಾ?"

ಕಿಟಕಿಯಿಂದ ನೋಡಿದೆ. ರೈಲ್ವೆ ಗೇಟು ದಾಟಿ, ಒಂದು ಕೈಯಲ್ಲಿ ಸೆರಗು ಮೂಗಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಸಂಚಿ ಒತ್ತಿಕೊಂಡು ಗೌರಮ್ಮ ಬರುತ್ತಿದ್ದರು. ಲಾರಿಯವನಿಗೆ ಏನೋ ಬೈಯುತ್ತಲೂ ಇದ್ದರು.

"ಹಲೋ ನಯನಾ? ಹಲೋ? ಇಲ್ಲಿ ಸಿಗ್ನಲ್ ಸರಿಯಿಲ್ಲಮ್ಮ, ಏನೂ ಕೇಳಿಸುತ್ತಿಲ್ಲ," ಎಂದು ಫೋನು ಇಟ್ಟೆ.

ಬಾಗಿಲು ತೆಗೆದು, ಕುರ್ಚಿಯನ್ನು ನನ್ನ ಕುರ್ಚಿಗೆ ಎದುರಾಗಿ ಎಳೆದು ಹಾಕಿದೆ.

"ಏನ್ ಗೌರಮ್ಮ, ಇವತ್ತು ಡ್ಯೂಟಿಗೆ ಲೇಟು?"

"ಗೇಟ್ ಬಿದ್ದಿತ್ರೀ," ಎಂದು ಕೂತರು. "ಟೀ ಇಡ್ರಿ. ಹೇಳೋದು ಬಾಳ ಐತೆ."